ಅರಿಯದೆ ಹೊತ್ತು ತಂದ ಸೋಂಕು: ಹಿಂಸೆಯ ಹೊಣೆ ಯಾರದು?

ಅಹಿಂಸಾಣುವ್ರತವನ್ನು ಪಾಲಿಸುವ ಶ್ರಾವಕನು ನೀರನ್ನು ಸೋಸಿ ಕುಡಿಯುತ್ತಾನೆ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುತ್ತಾನೆ. ಅಂಗಡಿಗೆ ಬಂದ ದವಸದಲ್ಲಿ ಹುಳು ಬಿದ್ದಿದೆಯೇ ಎಂದು ನೋಡಿಸುತ್ತಾನೆ. ಕಾಣುವ ಜೀವಕ್ಕೂ ಕಾಣದ ಜೀವಕ್ಕೂ ತನ್ನಿಂದ ಕೇಡಾಗದಿರಲಿ ಎಂಬುದೇ ಈ ಎಲ್ಲ ನಿಯಮಗಳ ತಿರುಳು. ಆದರೆ ಕೇಡು ಮಾಡುವ ವಸ್ತುವೇ ಕಣ್ಣಿಗೆ ಕಾಣದಿದ್ದು, ಅದನ್ನು ಮೈಯಲ್ಲಿ ಹೊತ್ತವನಿಗೆ ಒಂದು ಸೀನು ಸಹ ಬಾರದಿದ್ದು, ಅವನು ಮುಟ್ಟಿದ ಒಂದು ದಿನದ ಕೂಸು ರೋಗಕ್ಕೆ ತುತ್ತಾದರೆ, ಅದು ಹಿಂಸೆಯೇ? ಹಿಂಸೆಯಾದರೆ ಅದರ ಹೊಣೆ ಯಾರದು? ಕೋವಿಡ್ ಬಂದ 2020ರ ನಂತರ ಈ ಪ್ರಶ್ನೆಯು ಶಾಸ್ತ್ರಸಭೆಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ.

ಉತ್ತರ ಹುಡುಕುವವರು ಬಹುದೂರ ಹೋಗಬೇಕಾಗಿಲ್ಲ. ಅನಂತಪುರ ಜಿಲ್ಲೆಯಲ್ಲಿ ಗುಂತಕಲ್ಲಿಗೆ ಸಮೀಪವಿರುವ ಕೊನಕೊಂಡ್ಲ ಗ್ರಾಮವೇ ಆಚಾರ್ಯ ಕುಂದಕುಂದರ ಊರೆಂದು ಪರಂಪರೆಯು ನಂಬಿದೆ. ಅವರ ‘ಪ್ರವಚನಸಾರ’ದ ಮತದಲ್ಲಿ ಹಿಂಸೆಯನ್ನು ಅಳೆಯುವ ಕೋಲು ಸತ್ತ ಜೀವಗಳ ಎಣಿಕೆಯಲ್ಲ, ಮಾಡಿದವನ ಎಚ್ಚರಿಕೆ. ಎಚ್ಚರಗೇಡಿಯಾದವನು ಯಾವ ಜೀವವನ್ನು ಕೊಲ್ಲದಿದ್ದರೂ ದೋಷಿ. ಸಕಲ ಎಚ್ಚರದಿಂದ ನಡೆದವನ ಕಾಲಡಿಯಲ್ಲಿ ಜೀವವೊಂದು ಹೋದರೂ ಅವನಿಗೆ ಆ ಬಂಧವಿಲ್ಲ. ಪ್ರಮಾದವೇ ಹಿಂಸೆಯ ಬೇರು ಎಂಬಲ್ಲಿ ದಿಗಂಬರ ಶ್ವೇತಾಂಬರರೊಳಗೆ ಭಿನ್ನಾಭಿಪ್ರಾಯವಿಲ್ಲ.

ಇದನ್ನು ಕೇಳಿದ ಕೂಡಲೇ ‘ತಿಳಿದಿರಲಿಲ್ಲ’ ಎಂಬ ಒಂದು ಮಾತಿನಿಂದ ದೋಷವೆಲ್ಲ ಕಳೆಯಿತೆಂದು ಅರ್ಥ ಮಾಡಿಕೊಳ್ಳುವವರು ಉಂಟು. ಅದು ಸರಿಯಾದ ಅರ್ಥವಲ್ಲ. ಮುನಿಗಳು ನೆಲವನ್ನು ನೋಡಿ ಹೆಜ್ಜೆಯಿಡುವುದು ಅಲ್ಲಿ ಇರುವೆ ಇದೆಯೆಂದು ತಿಳಿದ ಮೇಲೆ ಅಲ್ಲ; ಇರಬಹುದು ಎಂಬ ಕಾರಣಕ್ಕೆ. ‘ಇದೆ’ ಎಂಬ ಅರಿವಿಗೂ ‘ಇರಬಹುದು’ ಎಂಬ ಅರಿವಿಗೂ ಬಹಳ ಅಂತರವಿದೆ. ಎಚ್ಚರಿಕೆಗೆ ಎರಡನೆಯದೇ ಸಾಕು. ಲಕ್ಷಣವಿಲ್ಲದ ಸೋಂಕಿನ ವಿಷಯವೆಲ್ಲವೂ ಈ ‘ಇರಬಹುದು’ ಎಂಬ ಪದದ ಮೇಲೆ ನಿಂತಿದೆ.

ರಾಯದುರ್ಗದ ಹೆಣ್ಣುಮಕ್ಕಳು ಹೆರಿಗೆಗೆ ಊರಿನ ಸರಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಕೈಯಲ್ಲಿ ಅನುಕೂಲವಿದ್ದವರು ಬಳ್ಳಾರಿಗೋ ಅನಂತಪುರಕ್ಕೋ ಹೊರಡುತ್ತಾರೆ. ಮಡಕಶಿರಾದವರಿಗೆ ಹಿಂದೂಪುರ ಒಂದು ದಿಕ್ಕು, ಶಿರಾ ತುಮಕೂರು ಇನ್ನೊಂದು ದಿಕ್ಕು. 2022ರ ಏಪ್ರಿಲ್ ತಿಂಗಳಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಾದರೂ ಹೆರಿಗೆಯ ದಾರಿಗಳು ಬದಲಾಗಲಿಲ್ಲ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿಯು ಹೆಣ್ಣನ್ನು ಗಡಿಯ ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ಕರೆದೊಯ್ಯುತ್ತದೆ. ಕನ್ನಡದಲ್ಲಿ ಬಾಣಂತಿ, ತೆಲುಗಿನಲ್ಲಿ ಬಾಲಿಂತ, ಮಾರವಾಡಿ ಮನೆಯಲ್ಲಿ ಜಚ್ಚಾ. ಹೆಸರು ಯಾವುದಾದರೂ ಅವಳ ಪಕ್ಕದಲ್ಲಿ ಮಲಗಿದ ಕೂಸಿನ ಸ್ಥಿತಿ ಒಂದೇ. ಮೊದಲ ಎರಡು ದಿನಗಳಲ್ಲಿ ಆ ಕೂಸನ್ನು ಮುಟ್ಟುವ ಕೈಗಳನ್ನು ಎಣಿಸಬೇಕು. ಹೆರಿಗೆ ಮಾಡಿಸಿದ ವೈದ್ಯರು, ದಾದಿ, ಮೈ ಒರೆಸಿದ ಆಯಾ, ತೂಕ ನೋಡಿದವರು, ಲಸಿಕೆ ಹಾಕಿದವರು, ರಾತ್ರಿ ಪಾಳಿಗೆ ಬಂದ ಇನ್ನೊಬ್ಬ ದಾದಿ, ಅಜ್ಜಿಯರಿಬ್ಬರು, ಸೋದರತ್ತೆ, ಮಿಠಾಯಿಯ ಪೊಟ್ಟಣ ಹಿಡಿದು ಬಂದ ನೆಂಟರು. ಹತ್ತು ಜನಕ್ಕೆ ಕಡಿಮೆಯಿಲ್ಲ. ಅವರಲ್ಲಿ ಯಾರಿಗೂ ಕೆಮ್ಮಿಲ್ಲ, ಜ್ವರವಿಲ್ಲ.

ರೋಗವೆಂದರೆ ಮೊದಲು ಮೈ ಬಿಸಿಯಾಗಬೇಕು, ಮೂಗು ಸುರಿಯಬೇಕು, ಆಮೇಲೆ ಅದು ಮತ್ತೊಬ್ಬರಿಗೆ ಹತ್ತುವುದು ಎಂಬುದು ಲೋಕರೂಢಿಯ ಎಣಿಕೆ. ಅನೇಕ ವೈರಸ್ಸುಗಳು ಈ ಎಣಿಕೆಗೆ ಒಳಪಡುವುದಿಲ್ಲ. ಶರೀರದೊಳಗೆ ಬೆಳೆದ ವೈರಸ್ಸು ಎಂಜಲಿನಲ್ಲಿ, ಉಸಿರಿನ ಹನಿಯಲ್ಲಿ, ಮಲದಲ್ಲಿ ಹೊರಬೀಳುತ್ತಿರುತ್ತದೆ. ಹೊತ್ತವನು ಮಾತ್ರ ಎಂದಿನಂತೆ ಉಂಡು ಕೆಲಸಕ್ಕೆ ಹೋಗುತ್ತಿರುತ್ತಾನೆ. ತುಟಿಯ ಮೇಲೆ ಸಣ್ಣ ನೀರುಗುಳ್ಳೆಗಳನ್ನು ಎಬ್ಬಿಸುವ ಹರ್ಪಿಸ್ ವೈರಸ್ಸು ಇದಕ್ಕೆ ಒಳ್ಳೆಯ ಉದಾಹರಣೆ. ಲೋಕದಲ್ಲಿ 50 ವರ್ಷದೊಳಗಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೈಯಲ್ಲಿ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಮ್ಮೆ ಬಂದುದು ಹೋಗುವುದಿಲ್ಲ. ಗುಳ್ಳೆ ಇಲ್ಲದ ದಿನಗಳಲ್ಲಿಯೂ ಆಗಾಗ ಎಂಜಲಿನಲ್ಲಿ ಹೊರಬರುತ್ತದೆ. ದೊಡ್ಡವರಿಗೆ ಇದು ನಾಲ್ಕು ದಿನದ ಉರಿ, ಅಷ್ಟೆ. ಒಂದು ವಾರದ ಶಿಶುವಿಗೆ ಹತ್ತಿದರೆ ಮಿದುಳು, ಯಕೃತ್ತುಗಳಿಗೆ ಹರಡಿ ಪ್ರಾಣವನ್ನೇ ತೆಗೆಯಬಲ್ಲದು. ಇದು ವಿರಳವಾದ ರೋಗ. ಬಹುಪಾಲು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಬರುವಂಥದು. ಹತ್ತರಲ್ಲಿ ಒಂದರಷ್ಟು ಮಾತ್ರ ಹುಟ್ಟಿದ ಮೇಲೆ, ಮುತ್ತಿನಿಂದಲೋ ಎಂಜಲ ಕೈಯಿಂದಲೋ ಬರುತ್ತದೆ. ಆದರೂ ಹಾಲು ಕುಡಿಯಲೊಲ್ಲದೆ ಮಂಕಾಗಿ ಬಿದ್ದಿರುವ ಹಸುಗೂಸನ್ನು ದೃಷ್ಟಿ ತಗುಲಿತೆಂದು ಮನೆಯಲ್ಲಿ ಇಟ್ಟುಕೊಳ್ಳಬಾರದು. ಅಸೈಕ್ಲೋವಿರ್ ಎಂಬ ಔಷಧವನ್ನು ಬೇಗ ರಕ್ತನಾಳಕ್ಕೆ ಕೊಟ್ಟಷ್ಟೂ ಬದುಕುವ ಆಸೆ ಹೆಚ್ಚು.

ಈ ಸೀಮೆಗೆ ಹತ್ತಿರದ ನಿದರ್ಶನವೊಂದು ಬೆಂಗಳೂರಿನಲ್ಲಿ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ನವಜಾತ ಶಿಶುಗಳ ಮಲವನ್ನು ಪರೀಕ್ಷಿಸುತ್ತಿದ್ದಾಗ, ಭೇದಿಯ ಯಾವ ಲಕ್ಷಣವೂ ಇಲ್ಲದ ಕೂಸುಗಳಲ್ಲಿ ರೋಟಾವೈರಸ್ ದೊರೆಯಿತು. ಈ ವೈರಸ್ಸನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಭೇದಿಯಾದ ಮಕ್ಕಳ ಕರುಳಿನಲ್ಲಿ ಕಂಡುಹಿಡಿದಿದ್ದರು. ಲಸಿಕೆ ಬರುವ ಮುಂಚೆ ಭಾರತದಲ್ಲಿ ಐದು ವರ್ಷದೊಳಗಿನ ಸುಮಾರು 78,000 ಮಕ್ಕಳು ವರ್ಷಂಪ್ರತಿ ಇದರಿಂದ ಸಾಯುತ್ತಿದ್ದರೆಂದು ಅಂದಾಜು. ಬೆಂಗಳೂರಿನಲ್ಲಿ ಸಿಕ್ಕ ತಳಿಗೆ ಐ321 ಎಂದು ಹೆಸರಿಟ್ಟರು. ಅದರ 11 ವಂಶವಾಹಿ ತುಣುಕುಗಳಲ್ಲಿ 9 ದನಗಳ ರೋಟಾವೈರಸ್ಸಿಗೆ ಸೇರಿದವು, ಎರಡು ಮಾತ್ರ ಮನುಷ್ಯರದಕ್ಕೆ. ಕೊಟ್ಟಿಗೆಯ ವೈರಸ್ಸೂ ಮನುಷ್ಯರ ವೈರಸ್ಸೂ ಎಲ್ಲಿಯೋ ಬೆರೆತು, ಹೆರಿಗೆ ವಾರ್ಡಿನ ತೊಟ್ಟಿಲಿಗೆ ಬಂದು ಸೇರಿತ್ತು! ಹುಟ್ಟಿ ಕೆಲವೇ ದಿನಗಳಾದ ಶಿಶು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ವೈರಸ್ಸು ಅದರ ಬಳಿಗೆ ಯಾರದೋ ಕೈಯ ಮೇಲೆ, ಯಾವುದೋ ಬಟ್ಟೆಯ ಮೇಲೆ ಬಂದಿರಬೇಕು. ಯಾರ ಕೈಯೆಂದು ಹೇಳಬಲ್ಲವರಿಲ್ಲ. ರೋಟಾವೈರಸ್ಸಿನ ನೂರಕ್ಕೂ ಕಡಿಮೆ ಕಣಗಳು ಸೋಂಕು ಹತ್ತಿಸಲು ಸಾಕು. ಅದು ಕೈಯ ಮೇಲೆ ಗಂಟೆಗಟ್ಟಲೆ, ಮಂಚ ಮೇಜುಗಳ ಮೇಲೆ ದಿನಗಟ್ಟಲೆ ಉಳಿಯುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಅದೇ ದಶಕದಲ್ಲಿ ಲಕ್ಷಣವಿಲ್ಲದ ಶಿಶುಗಳಲ್ಲಿ 116ಇ ಎಂಬ ತಳಿಯನ್ನು ಎಂ.ಕೆ. ಭಾನ್ ಮತ್ತು ಸಂಗಡಿಗರು ಗುರುತಿಸಿದರು. ಹೀಗೆ ಹುಟ್ಟಿದಾಗಲೇ ಸೋಂಕು ತಗುಲಿದ ಮಕ್ಕಳಿಗೆ ಮುಂದೆ ರೋಟಾವೈರಸ್ಸಿನ ಉಗ್ರವಾದ ಭೇದಿ ಕಡಿಮೆಯಾಗಿ ಬರುತ್ತದೆಂದು ಮೆಲ್ಬೋರ್ನಿನಲ್ಲಿಯೂ ದೆಹಲಿಯಲ್ಲಿಯೂ ಕಂಡುಬಂದಿತು. ಬೆಂಗಳೂರಿನ ಮತ್ತು ದೆಹಲಿಯ ಎರಡೂ ತಳಿಗಳನ್ನು ಲಸಿಕೆಗಾಗಿ ಪರೀಕ್ಷಿಸಿದಾಗ ದೆಹಲಿಯದು ಗೆದ್ದಿತು. ಹೈದರಾಬಾದಿನ ಭಾರತ್ ಬಯೋಟೆಕ್ ಸಂಸ್ಥೆಯು ಅದರಿಂದ ತಯಾರಿಸಿದ ರೋಟಾವ್ಯಾಕ್ ಹನಿಗಳನ್ನು ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ಪರೀಕ್ಷಿಸಲಾಗಿ, ಮೊದಲ ವರ್ಷದಲ್ಲಿ ಉಗ್ರ ರೋಗವನ್ನು ನೂರಕ್ಕೆ 56ರಷ್ಟು ತಡೆಯಿತು. 2016ರ ಮಾರ್ಚ್ ತಿಂಗಳಲ್ಲಿ ಸರಕಾರದ ಉಚಿತ ಲಸಿಕೆಯ ಪಟ್ಟಿಗೆ ಅದನ್ನು ಮೊದಲು ಸೇರಿಸಿಕೊಂಡ ನಾಲ್ಕು ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. ಕರ್ನಾಟಕಕ್ಕೆ ಬಂದುದು 2019ರಲ್ಲಿ. ಆ ನಡುವಿನ ಮೂರು ವರ್ಷ ರಾಯದುರ್ಗದ ಕೂಸಿಗೆ ಸರಕಾರಿ ಆಸ್ಪತ್ರೆಯಲ್ಲಿ ಐದು ಹನಿ ದೊರೆಯುತ್ತಿತ್ತು. ಕೂಗಳತೆಯ ಮೊಳಕಾಲ್ಮೂರಿನ ಕೂಸಿಗೆ ದೊರೆಯುತ್ತಿರಲಿಲ್ಲ. ರಾಜ್ಯದ ಗಡಿಯನ್ನು ಬರೆದವರು ವೈರಸ್ಸನ್ನು ಕೇಳಿ ಬರೆಯಲಿಲ್ಲವಷ್ಟೆ.

ಇಲ್ಲೊಂದು ತರ್ಕ ಏಳುತ್ತದೆ. ಆಸ್ಪತ್ರೆಯಲ್ಲಿ ಅರಿಯದೆ ದಾಟಿದ ಸೋಂಕಿನಿಂದಲೇ ಮಕ್ಕಳಿಗೆ ರಕ್ಷಣೆಯೂ ದೇಶಕ್ಕೆ ಲಸಿಕೆಯೂ ದೊರಕಿದವಲ್ಲವೇ, ಇದರಲ್ಲಿ ಹಿಂಸೆಯೆಲ್ಲಿ ಬಂತು ಎಂದು ಕೇಳಬಹುದು. ವ್ಯಾಪಾರಸ್ಥರಿಗೆ ಉತ್ತರ ಸುಲಭವಾಗಿ ತಿಳಿದೀತು. ಉಗ್ರಾಣದಲ್ಲಿ ಮರೆತುಹೋಗಿದ್ದ ಹತ್ತು ಚೀಲ ಕಡಲೆಕಾಯಿಗೆ ಬೆಲೆ ಏರಿ ಲಾಭ ಬಂದರೆ ಅದನ್ನು ಯಾರೂ ಜಾಣತನವೆಂದು ಲೆಕ್ಕಕ್ಕೆ ಬರೆಯುವುದಿಲ್ಲ. ಮರುವರ್ಷ ಅದೇ ಮರೆವಿನಿಂದ ಹತ್ತು ಚೀಲಕ್ಕೂ ಹುಳು ಬೀಳಬಹುದು. ಎಚ್ಚರಗೇಡಿನಿಂದ ಒಮ್ಮೆ ಒಳ್ಳೆಯದಾದುದು ಎಚ್ಚರಗೇಡನ್ನು ಪುಣ್ಯವಾಗಿಸುವುದಿಲ್ಲ. ಒಂದೇ ಕೈಯು ಒಂದು ತೊಟ್ಟಿಲಿಗೆ ಸೌಮ್ಯವಾದ ರೋಟಾವೈರಸ್ಸನ್ನು, ಇನ್ನೊಂದಕ್ಕೆ ಹರ್ಪಿಸನ್ನು ತಲುಪಿಸಬಲ್ಲದು. ಕೈಗೆ ಆ ಭೇದ ತಿಳಿಯುವುದಿಲ್ಲ.

ಎಚ್ಚರಿಕೆಯ ಪ್ರಮಾಣವು ಕಾಲದೊಂದಿಗೆ ಏರುತ್ತದೆಂಬುದಕ್ಕೆ ವಿಯೆನ್ನಾ ನಗರದ ಇಗ್ನಾಜ್ ಸೆಮ್ಮೆಲ್‌ವೈಸ್ ಸಾಕ್ಷಿ. ಆತನ ಹೆರಿಗೆ ವಿಭಾಗದಲ್ಲಿ 1846ರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸನ್ನಿಜ್ವರದಿಂದ ಸತ್ತಿದ್ದರು. ಶವಪರೀಕ್ಷೆ ಮುಗಿಸಿ ಹೆರಿಗೆಗೆ ಬರುವ ವೈದ್ಯರ ಕೈಯೇ ಕಾರಣವಿರಬಹುದೆಂದು ಊಹಿಸಿ 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಲು, 1848ರಲ್ಲಿ ಅದು ನೂರಕ್ಕೆ ಒಂದೂಕಾಲಕ್ಕೆ ಇಳಿಯಿತು. ಅದು ವೈರಸ್ಸಲ್ಲ, ಬ್ಯಾಕ್ಟೀರಿಯಾ. ಆತನಿಗೆ ಎರಡೂ ಗೊತ್ತಿರಲಿಲ್ಲ. ‘ಇರಬಹುದು’ ಎಂಬುದಷ್ಟೇ ಗೊತ್ತಿದ್ದುದು. 1847ಕ್ಕೆ ಮೊದಲು ತೊಳೆಯದ ವೈದ್ಯನನ್ನು ದೂರಲಾಗದು. ಆ ಅಂಕಿಗಳನ್ನು ಕಂಡ ಮೇಲೂ ತೊಳೆಯಲೊಲ್ಲದವನು ಪ್ರಮಾದಿ. ವೈದ್ಯರ ಕೈ ಮಲಿನವೆಂಬ ಮಾತೇ ಅಪಮಾನವೆಂದು ಆಗ ಎಷ್ಟೋ ಮಂದಿ ದೊಡ್ಡ ವೈದ್ಯರು ಸಿಟ್ಟಾದರು. ಮಾನಕಷಾಯವು ಬೋಧೆ ಕೇಳಲು ಬಂದವರಲ್ಲಿ ಮಾತ್ರ ಇರುತ್ತದೆಂದು ತಿಳಿಯಬಾರದು.

ಹೊಣೆಯನ್ನು ಒಬ್ಬರ ತಲೆಗೇ ಕಟ್ಟಿದರೆ ಏನಾಗುತ್ತದೆಂಬುದನ್ನು ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ಪ್ರಕರಣ ತೋರಿಸುತ್ತದೆ. ಐರ್ಲೆಂಡಿನಿಂದ ಬಂದ ಈಕೆಯ ಮೈಯಲ್ಲಿ ವಿಷಮಶೀತ ಜ್ವರದ ಬ್ಯಾಕ್ಟೀರಿಯಾ ನೆಲೆಸಿತ್ತು. ಆಕೆಗೆ ಮಾತ್ರ ಯಾವ ರೋಗವೂ ಇರಲಿಲ್ಲ. 1907ರಲ್ಲಿ ಹಿಡಿದು ದ್ವೀಪವೊಂದರ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿಟ್ಟರು. ಅಡುಗೆ ಕೆಲಸ ಮಾಡುವುದಿಲ್ಲವೆಂಬ ಮಾತಿನ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು. ಅದರ ಸಂಬಳ ಅಡುಗೆಯ ಸಂಬಳಕ್ಕಿಂತ ಬಹಳ ಕಡಿಮೆ. ಕೆಲವು ವರ್ಷಗಳಲ್ಲಿ ಆಕೆ ಬೇರೆ ಹೆಸರಿನಿಂದ ಮತ್ತೆ ಒಲೆಯ ಮುಂದೆ ನಿಂತಳು. 1915ರಲ್ಲಿ ಸ್ಲೋನ್ ಎಂಬ ಹೆರಿಗೆ ಆಸ್ಪತ್ರೆಯಲ್ಲಿ 25 ಜನಕ್ಕೆ ಜ್ವರ ಬಂದು ಇಬ್ಬರು ಸತ್ತಾಗ, ಅಲ್ಲಿ ಅಡುಗೆಗೆ ಇದ್ದವಳು ಈಕೆಯೇ ಎಂದು ಬಯಲಾಯಿತು. 1938ರಲ್ಲಿ ಸಾಯುವವರೆಗೆ ಅದೇ ದ್ವೀಪದಲ್ಲಿ ಇಟ್ಟರು.

ಎರಡನೆಯ ಸಲ ಆಕೆಗೆ ‘ಇರಬಹುದು’ ಎಂಬ ಅರಿವು ಇತ್ತು. ಆಗಿನ ದೋಷವನ್ನು ಅಲ್ಲಗಳೆಯಲಾಗದು. ಆದರೆ ದೋಷದ ಪಾಲು ಹಂಚುವಾಗ ಲೆಕ್ಕ ಪೂರ್ತಿ ನೋಡಬೇಕು. ಅಡುಗೆ ಬಿಡು ಎಂದವರು, ಬಿಟ್ಟರೆ ತಗ್ಗುವ ಸಂಬಳವನ್ನು ತುಂಬಿಕೊಡುವವರು ಯಾರೆಂದು ನಿರ್ಣಯಿಸಲಿಲ್ಲ. ಊರಿನ ಆರೋಗ್ಯದ ಖರ್ಚನ್ನೆಲ್ಲ ಒಬ್ಬ ಅಡುಗೆಯಾಕೆಯ ಖಾತೆಗೆ ಬರೆದು ಪುಸ್ತಕ ಮುಚ್ಚಿದರು. ಯಾವ ಗುಮಾಸ್ತನು ಇಂಥ ಜಮಾಖರ್ಚು ತಂದರೂ ಯಜಮಾನನು ಒಪ್ಪುವುದಿಲ್ಲ.

ಇದೇ ಜಮಾಖರ್ಚು ಈಗಲೂ ಸಣ್ಣ ಊರುಗಳ ನರ್ಸಿಂಗ್ ಹೋಮುಗಳಲ್ಲಿ ನಡೆದಿದೆ. ಆಯಾಗೆ ದಿನಗೂಲಿ, ಬಂದ ದಿನ ಉಂಟು, ಬಾರದ ದಿನ ಇಲ್ಲ. ಮನೆಯಲ್ಲಿ ತನ್ನ ಮಗುವಿಗೆ ಭೇದಿಯಾಗಿದೆ, ತನಗೇನೂ ಇಲ್ಲ. ಬಂದರೆ ಕೈಯಲ್ಲಿ ಸೋಂಕು ತರಬಹುದು; ಬಾರದಿದ್ದರೆ ಅಂದಿನ ಅಕ್ಕಿ ಬೇಳೆಗೆ ದಾರಿಯಿಲ್ಲ. ‘ಹೇಳಬಾರದಿತ್ತೇ?’ ಎಂದು ಆಮೇಲೆ ಗದರುವವರು, ಹೇಳಿದವಳ ಕೂಲಿ ಕತ್ತರಿಸುವವರೂ ಆಗಿರುತ್ತಾರೆ. ಇಲ್ಲಿ ಪ್ರಮಾದಿ ಯಾರು? ಎಚ್ಚರವಹಿಸಲು ಶಕ್ತಿಯಿಲ್ಲದವಳ ಎಚ್ಚರಗೇಡಿಗಿಂತ, ಶಕ್ತಿಯಿದ್ದೂ ಏರ್ಪಾಡು ಮಾಡದವರ ಎಚ್ಚರಗೇಡು ದೊಡ್ಡದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು ಬಗೆಯನ್ನು ಬಾಲ್ಯದಿಂದ ಕೇಳಿದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿಮೆ ದರಕ್ಕೆ ಹೆರಿಗೆಯಾಗಲೆಂದು ಬಯಸುವ ಕುಟುಂಬವೂ ಆ ಮೂರನೆಯ ಬಗೆಯಿಂದ ಪೂರ್ತಿ ಹೊರಗಿಲ್ಲ.

ಎಚ್ಚರಿಕೆಯೇ ಅತಿಯಾಗಿ ಹಿಂಸೆಯಾದುದನ್ನು ಸಹ 2020 ತೋರಿಸಿತು. ಆ ವರ್ಷ ಮಾರ್ಚ್-ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಹೆರಿಗೆಗೆ ಬಂದ 215 ಗರ್ಭಿಣಿಯರನ್ನೂ ಪರೀಕ್ಷಿಸಿದರು. ಸೋಂಕಿದ್ದವರು 33, ಅವರಲ್ಲಿ 29 ಜನಕ್ಕೆ ಯಾವ ಲಕ್ಷಣವೂ ಇರಲಿಲ್ಲ. ಮೇರಿ ಮ್ಯಾಲನ್ ಅಡುಗೆ ಮಾಡಿದ ಸ್ಲೋನ್ ಆಸ್ಪತ್ರೆಯೂ ಇದೇ ವಿಶ್ವವಿದ್ಯಾಲಯದೊಡನೆ ಸೇರಿದ್ದು ಕಾಕತಾಳೀಯ. ಈ ಅಂಕಿಗಳು ಲೋಕಕ್ಕೆ ಭಯವನ್ನೂ ತಂದವು. ಅಮೆರಿಕದ ಮಕ್ಕಳ ವೈದ್ಯರ ಸಂಘವು ಸೋಂಕಿತ ತಾಯಿಯಿಂದ ಶಿಶುವನ್ನು ಬೇರೆ ಇಡುವಂತೆ ಮೊದಲು ಸೂಚಿಸಿ, ಕೆಲವೇ ತಿಂಗಳಲ್ಲಿ ಆ ಸೂಚನೆಯನ್ನು ತಿದ್ದಿತು. ತಾಯಿ ಮುಖವಸ್ತ್ರ ಕಟ್ಟಿ, ಕೈ ತೊಳೆದು, ಎದೆಹಾಲು ಕೊಡುವುದೇ ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿತ್ತು. ಬೆಂಗಳೂರಿನಲ್ಲಿ ಸರಕಾರದ ವಾಣಿವಿಲಾಸ ಆಸ್ಪತ್ರೆಯು ಸೋಂಕಿತ ಗರ್ಭಿಣಿಯರ ಹೆರಿಗೆಗಳನ್ನು ನಡೆಸುತ್ತಿದ್ದ ಕಾಲದಲ್ಲಿಯೇ, ಪರೀಕ್ಷೆಯ ವರದಿ ಇಲ್ಲವೆಂಬ ಕಾರಣಕ್ಕೆ ಬೇರೆ ಕಡೆಗಳಲ್ಲಿ ಗರ್ಭಿಣಿಯರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ತನ್ನಿಂದ ಅನ್ಯರಿಗೆ ಕೇಡಾಗದಿರಲಿ ಎಂಬುದು ಅಹಿಂಸೆ. ಅನ್ಯರಿಂದ ತನಗೆ ಕೇಡಾಗದಿರಲಿ ಎಂದು ಬಾಗಿಲು ಹಾಕಿಕೊಳ್ಳುವುದು ಭಯ. ಹೊರಗಿನಿಂದ ನೋಡಿದರೆ ಎರಡರ ಮುಖವಸ್ತ್ರವೂ ಒಂದೇ ತೆರನಾಗಿ ಕಾಣುತ್ತದೆ.

ಮುಖವಸ್ತ್ರದ ಮಾತು ಬಂದುದರಿಂದ ಒಂದು ವಿಷಯ. ಸ್ಥಾನಕವಾಸಿ ಮತ್ತು ತೇರಾಪಂಥದ ಸಾಧು ಸಾಧ್ವಿಯರು ಕಟ್ಟುವ ಮುಹಪತ್ತಿಯು ತಮ್ಮ ರಕ್ಷಣೆಗಲ್ಲ, ಗಾಳಿಯಲ್ಲಿರುವ ಜೀವಗಳಿಗೆ ತಮ್ಮ ಉಸಿರಿನಿಂದ ಬಾಧೆಯಾಗದಿರಲೆಂದು. ದಿಗಂಬರ ಮುನಿಗಳ ನವಿಲುಗರಿಯ ಪಿಂಛಿಯ ಉದ್ದೇಶವೂ ಅದೇ. ಶಸ್ತ್ರವೈದ್ಯರ ಮುಖವಸ್ತ್ರವೂ 1897ರ ಸುಮಾರಿಗೆ ಯುರೋಪಿನಲ್ಲಿ ಬಂದುದು ರೋಗಿಯ ಗಾಯಕ್ಕೆ ವೈದ್ಯರ ಬಾಯಿಯ ಹನಿ ಬೀಳದಿರಲೆಂದೇ. ಹೀಗೆಂದ ಮಾತ್ರಕ್ಕೆ ಹಿಂದಿನವರಿಗೆ ವೈರಸ್ಸು ತಿಳಿದಿತ್ತೆಂದು ಸಭೆಗಳಲ್ಲಿ ಘೋಷಿಸುವುದು ಅತಿಶಯೋಕ್ತಿ. ಹೆರಿಗೆಯಾದ ಮನೆಯ ಪುರುಡು ಅಥವಾ ಸೂತಕಕ್ಕೂ ಇದೇ ಮಾತು. ಹತ್ತು ದಿನ ಪೂಜೆಗೆ ಹೋಗದಿರುವ ಆ ನಿಯಮ ಹುಟ್ಟಿದುದು ಬೇರೆ ಭಾವದಿಂದ. ಅದರಲ್ಲಿ ಬಾಣಂತಿಯನ್ನೇ ಅಶುದ್ಧಳೆಂದು ಎಣಿಸುವ ದೋಷವೂ ಇದೆ. ಆದರೆ ಅದರ ಒಂದು ಫಲವಾಗಿ ಊರಿನ ಜನ ಬಾಣಂತಿಯ ಕೋಣೆಗೆ ನುಗ್ಗುತ್ತಿರಲಿಲ್ಲ. ಈಗಿನ ಮನೆಗಳಲ್ಲಿ ಬಾಣಂತಿ ದೇವರ ಕೋಣೆಗೆ ಹೋಗಬಾರದೆಂಬ ಭಾಗ ಉಳಿದಿದೆ, ನೆಂಟರು ಕೂಸಿನ ಬಳಿಗೆ ಹೋಗಬಾರದೆಂಬ ಭಾಗ ಬಿಟ್ಟುಹೋಗಿದೆ. ತಿರುಗುಮುರುಗಾಗಿದ್ದರೆ ಚೆನ್ನಾಗಿತ್ತು.

ದಾನಿಗಳ ಹೆಸರು ಕೆತ್ತಿದ ಬೆಂಚು, ಫ್ಯಾನು, ಗೋಡೆ ಗಡಿಯಾರಗಳು ಈ ಭಾಗದ ಆಸ್ಪತ್ರೆಗಳಲ್ಲಿ ಬೇಕಾದಷ್ಟಿವೆ. ವಾರ್ಡಿನ ಬಾಗಿಲಲ್ಲಿಯೇ ಮೊಳಕೈಯಿಂದ ತಿರುಗಿಸುವ ನಲ್ಲಿ, ಬೇಸಿಗೆಯಲ್ಲೂ ಬತ್ತದ ನೀರಿನ ತೊಟ್ಟಿ, ಸಾಬೂನು, ಒರೆಸಲು ಒಗೆದ ಬಟ್ಟೆ. ಇವುಗಳಿಗೆ ಹೆಸರು ಕೆತ್ತಲು ಜಾಗ ಕಡಿಮೆ. ಸಾಬೂನಿನಿಂದ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. ಇಪ್ಪತ್ತು ಹಾಸಿಗೆಗೆ ಒಬ್ಬಳೇ ದಾದಿಯಿದ್ದರೆ ಆ ಒಂದು ನಿಮಿಷವೂ ಅವಳಿಗೆ ದೊರಕದು. ಇನ್ನು ಮನೆಯಲ್ಲಿ ರೋಗವಿದೆಯೆಂದು ತಾನಾಗಿ ತಿಳಿಸಿ ಮೂರು ದಿನ ಬಾರದಿದ್ದ ಆಯಾಳ ಕೂಲಿಯನ್ನು ಕೊಡುವ ನಿಧಿಗೆ ಕೆತ್ತುವ ಕಲ್ಲೇ ಇಲ್ಲ. ಒಂದು ಬೆಳ್ಳಿಯ ಛತ್ರಕ್ಕೆ ಬೀಳುವ ಹಣದ ಬಡ್ಡಿಯಲ್ಲಿ ಅಂಥ ಕೂಲಿ ಎಷ್ಟು ದಿನ ನಡೆಯುವುದೆಂಬುದನ್ನು ಬಡ್ಡಿಯ ಲೆಕ್ಕ ಬಲ್ಲವರು ಹಾಕಿ ನೋಡಬಹುದು.

ಅನೇಕ ದಿಗಂಬರ ಮನೆಗಳಲ್ಲಿ ಕೂಸನ್ನು ಮೊದಲ ಸಲ ಬಸದಿಗೆ ಕರೆತರುವುದು 45ನೆಯ ದಿನ. ರೋಟಾವೈರಸ್ಸಿನ ಮೊದಲ ಹನಿಗಳನ್ನು ಹಾಕಿಸುವುದು ಆರು ವಾರ ತುಂಬಿದಾಗ, ಅಂದರೆ 42 ದಿನಕ್ಕೆ. ನಡುವೆ ಮೂರು ದಿನಗಳ ಬಿಡುವಿದೆ. ಬಸದಿಯ ಬಾಗಿಲಲ್ಲಿ ಕಾಲು ತೊಳೆಯಲು ಇಟ್ಟ ಹಂಡೆಯಲ್ಲಿ ಕೂಸನ್ನು ಎತ್ತಿಕೊಳ್ಳಲು ಕೈ ಚಾಚುವ ಅಜ್ಜ ಅಜ್ಜಿಯರು ಕೈಯನ್ನೂ ತೊಳೆಯಲು ನೀರು ಸಾಲುತ್ತದೆ. ಪಕ್ಕದಲ್ಲಿ ಸಾಬೂನು ಇಡಬೇಕಾದೀತು.